ಮೊರ, ಸೇರು, ಮೀಟರು

11 ಮೇ 2025, ಭಾನುವಾರ
ರಾಯಚೂರು

ಬೆಳಿಗ್ಗೆ ಹತ್ತರ ನಂತರ ಮಕ್ಕಳನ್ನು ಓಣಿಗೆ ಬಿಡುವಂತಿಲ್ಲ, ಅಂಥ ಬಿಸಿಲು. ಮನೆಯೊಳಗೆ ಇದ್ದರೆ ಮೊಬೈಲ್. ಅದನ್ನು ಕಸಿದುಕೊಂಡ ಮೇಲೆ ಖಾಲಿ ಕೈಗೆ ಬೇರೆ ಏನಾದರೂ ಕೊಡಬೇಕಲ್ಲ? ಹೀಗಾಗಿ ಈ ರಜೆಯಲ್ಲಿ ಮನೆಗೆಲಸದಲ್ಲಿ ಇಬ್ಬರಿಗೂ ಪಾಲು ಬಂದಿದೆ. ದೊಡ್ಡವಳು ಬರುವ ವರ್ಷ ಏಳನೆಯ ತರಗತಿ, ಚಿಕ್ಕವನು ನಾಲ್ಕನೆಯದು.

ಇವತ್ತು ಗಿರಣಿಗೆ ಕಳಿಸಲು ಜೋಳ ಹಸನು ಮಾಡುವ ಕೆಲಸವಿತ್ತು. ಅತ್ತೆ ಮೊರ ಹಿಡಿದು ಕೂತರು, ಎದುರಿಗೆ ಚಿಕ್ಕವನು. ಕೇರಿದರೆ ಹೊಟ್ಟು ಮುಂದಕ್ಕೆ ಹಾರುತ್ತದೆ, ಕಾಳು ಹಿಂದಕ್ಕೆ ಸರಿಯುತ್ತದೆ. ಕಲ್ಲು ಮಾತ್ರ ಹಾರುವುದಿಲ್ಲ, ಕೈಯಿಂದಲೇ ಆರಿಸಬೇಕು. ಯಾಕೆ ಹಾರುವುದಿಲ್ಲ ಎಂದು ಅವನು ಕೇಳಿದ. ಅತ್ತೆ ಉತ್ತರ ಹೇಳಲಿಲ್ಲ. ಒಂದು ಕಲ್ಲನ್ನೂ ಒಂದು ಹಿಡಿ ಹೊಟ್ಟನ್ನೂ ಅವನ ಅಂಗೈಗಳಲ್ಲಿಟ್ಟು ಊದು ಎಂದರು.

ಆಮೇಲೆ ಅಳತೆ. ಅತ್ತೆಯ ಹಿತ್ತಾಳೆಯ ಸೇರು ನನ್ನ ಗಂಡನಿಗಿಂತ ಹಿರಿಯದು. ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ ಅವರಿಗೆ ನಂಬಿಕೆಯಿಲ್ಲ, ಮಕ್ಕಳಿಗೆ ಸೇರಿನ ಮೇಲೆ ನಂಬಿಕೆಯಿಲ್ಲ. ಜಗಳ ತೀರಲೆಂದು ಎರಡನ್ನೂ ಎದುರುಬದುರು ಇಟ್ಟೆ. ಒಂದು ಸೇರು ಜೋಳ ಮುಕ್ಕಾಲು ಕಿಲೋದ ಆಸುಪಾಸು ತೂಗಿತು. ಅದೇ ಸೇರಿಗೆ ಮಂಡಾಳು (ಮಂಡಕ್ಕಿ) ತುಂಬಿ ಇಟ್ಟರೆ ನೂರು ಗ್ರಾಂ ಸಹ ಮುಟ್ಟಲಿಲ್ಲ. ತಕ್ಕಡಿ ಕೆಟ್ಟಿದೆ ಎಂದು ಅತ್ತೆ ಗೆದ್ದ ದನಿಯಲ್ಲಿ ಹೇಳಿದರು. ಇಲ್ಲ ಅಜ್ಜಿ, ಸೇರು ಜಾಗವನ್ನು ಅಳೆಯುತ್ತದೆ, ತಕ್ಕಡಿ ಭಾರವನ್ನು ಎಂದು ದೊಡ್ಡವಳು ವಾದಿಸಿದಳು. ಸಾಂದ್ರತೆಯ ಪಾಠ ಅವಳಿಗೆ ಇನ್ನೂ ಆಗಿಲ್ಲ. ಶಾಲೆಯಲ್ಲಿ ಆ ಪದ ಬಂದಾಗ ಮಂಡಾಳು ನೆನಪಾದರೆ ಸಾಕು.

ರೊಟ್ಟಿಯ ಹೊತ್ತಿಗೆ ಇನ್ನೊಂದು ಪ್ರಶ್ನೆ ಎದ್ದಿತು. ಚಪಾತಿಗೆ ತಣ್ಣೀರು ನಡೆಯುತ್ತದೆ, ಜೋಳಕ್ಕೆ ಮಾತ್ರ ಕುದಿಯುವ ಎಸರು ಯಾಕೆ? ಮಾಡಿ ನೋಡಿ ಎಂದೆ. ಚಿಕ್ಕವನು ತಣ್ಣೀರಿನಲ್ಲಿ ನಾದಿದ ಉಂಡೆಯನ್ನು ಬಡಿಯುತ್ತಿದ್ದಂತೆ ಅಂಚು ಸೀಳಿತು, ಎತ್ತಲು ಹೋದರೆ ಮೂರು ತುಂಡಾಯಿತು. ಎಸರು ಹಾಕಿ ನಾದಿದ್ದು ಅಂಗೈಯಗಲಕ್ಕಾದರೂ ಬಂತು. ಗೋಧಿಯಲ್ಲಿ ಹಿಟ್ಟನ್ನು ಹಿಡಿದಿಡುವ ಗ್ಲುಟೆನ್ ಇದೆ, ಜೋಳದಲ್ಲಿ ಅದಿಲ್ಲ. ಬಿಸಿನೀರಿಗೆ ಜೋಳದ ಪಿಷ್ಟ ಉಬ್ಬಿ ಅಂಟಾಗುತ್ತದೆ. ಆ ಅಂಟೇ ಅತ್ತೆ ಹೇಳುವ ಜಿಗಿ. ಕಾರಣ ಗೊತ್ತಾದ ಮೇಲೂ ರೊಟ್ಟಿ ದುಂಡಗಾಗಲಿಲ್ಲ. ಅದಕ್ಕೆ ವಿಜ್ಞಾನ ಸಾಲದು, ಇನ್ನೂ ಬಹಳ ರೊಟ್ಟಿ ಬಡಿಯಬೇಕು.

ಮಜ್ಜಿಗೆ ಕೇಳಲು ಬಂದ ಪಕ್ಕದ ಮನೆಯ ಹಿರಿಯರೊಬ್ಬರು, 'ಗಂಡು ಹುಡುಗನ ಕೈಯಲ್ಲಿ ರೊಟ್ಟಿ ಬಡಿಯಿಸುತ್ತೀರಲ್ಲ' ಎಂದರು. 'ಅವನೂ ತಿನ್ನುತ್ತಾನಲ್ಲ' ಎಂದರು ಅತ್ತೆ, ಹಂಚಿನಿಂದ ಕಣ್ಣೆತ್ತದೆ. ಈ ಮಾತಿಗಾಗಿ ಅವರ ತಕ್ಕಡಿ ದ್ವೇಷವನ್ನೆಲ್ಲ ಮನ್ನಿಸಿದ್ದೇನೆ. ಹೆಣ್ಣುಮಕ್ಕಳಿಗೆ ಈ 'ಕಲಿಕೆ' ನಮ್ಮ ಕಡೆ ಎಂದೂ ತಪ್ಪಿದ್ದಿಲ್ಲ. ಅವರ ಮಟ್ಟಿಗೆ ಮಾತ್ರ ಅದನ್ನು ಯಾರೂ ಕಲಿಕೆ ಎಂದು ಕರೆಯಲಿಲ್ಲ.

ಮಧ್ಯಾಹ್ನ ಕೂಲರ್‌ಗೆ ನೀರು ತುಂಬುವುದು ಚಿಕ್ಕವನ ಪಾಲು. ಹುಲ್ಲಿನ ಪ್ಯಾಡಿನ ನೀರು ಆವಿಯಾಗುವಾಗ ಗಾಳಿಯ ಶಾಖ ಹೀರುತ್ತದೆ. ನಮ್ಮ ಒಣ ಬಿಸಿಲಿಗೆ ಅದು ಚೆನ್ನಾಗಿ ನಡೆಯುತ್ತದೆ, ಮಳೆ ಹಿಡಿದು ಗಾಳಿಯಲ್ಲಿ ತೇವ ಬಂದ ಮೇಲೆ ಅದೇ ಕೂಲರ್ ಬರೀ ಸದ್ದು ಮಾಡುತ್ತದೆ. ದೊಡ್ಡವಳ ಚಿಂತೆ ಬೇರೆ: ಇದು ಎಷ್ಟು ಕರೆಂಟು ತಿನ್ನುತ್ತದೆ? ಸರ್ಕಾರದ ಗೃಹಜ್ಯೋತಿ ಯೋಜನೆಯಲ್ಲಿ ತಿಂಗಳಿಗೆ ನಮಗೆ ಉಚಿತವಾಗಿ ಸಿಗುವುದು 2022-23ರ ಸರಾಸರಿ ಬಳಕೆಯ ಮೇಲೆ ಶೇ 10 ಹೆಚ್ಚು, ಒಟ್ಟು ಗಡಿ 200 ಯೂನಿಟ್. ಬೇಸಿಗೆಯಲ್ಲಿ ಮನೆಮಂದಿಯ ಕಣ್ಣೆಲ್ಲ ಮೀಟರಿನ ಮೇಲೆ.

ನಮ್ಮ ಮೀಟರಿನ ಮುಖದ ಮೇಲೆ 3200 ಎಂದು ಬರೆದಿದೆ. ಕೆಂಪು ದೀಪ ಅಷ್ಟು ಸಲ ಮಿನುಗಿದರೆ ಒಂದು ಯೂನಿಟ್, ಅಂದರೆ ಸಾವಿರ ವ್ಯಾಟ್ ಒಂದು ಗಂಟೆ ಓಡಿದಷ್ಟು. ಕೂಲರ್ ಒಂದನ್ನು ಬಿಟ್ಟು ಮನೆಯ ಎಲ್ಲವನ್ನೂ ಆರಿಸಿ (ಮಾವನವರ ಟಿವಿಯೂ ಸೇರಿ, ಅದಕ್ಕೊಂದು ರಾದ್ಧಾಂತ) ದೊಡ್ಡವಳು ಗಡಿಯಾರ ಹಿಡಿದು ನಿಂತಳು. ನಿಮಿಷಕ್ಕೆ ಹತ್ತು ಮಿನುಗು. ಗಂಟೆಗೆ 600. 3200ರಿಂದ ಭಾಗಿಸಿದರೆ 0.19 ಯೂನಿಟ್, ಅಂದರೆ ಸುಮಾರು 190 ವ್ಯಾಟ್. ಕೂಲರಿನ ಹಿಂದಿನ ಚೀಟಿಯಲ್ಲೂ ಅದೇ ಅಂಕಿ ಕಂಡಾಗ ಅವಳು ಕುಣಿದಳು. ಇಸ್ತ್ರಿ ಪೆಟ್ಟಿಗೆ ಹಚ್ಚಿದರೆ ದೀಪ ಹೆಚ್ಚು ಕಡಿಮೆ ಸೆಕೆಂಡಿಗೊಮ್ಮೆ ಮಿನುಗಿತು. ಅಂದಿನಿಂದ ಅವಳ ಅಪ್ಪನ ಅಂಗಿಗೆ ಇಸ್ತ್ರಿ ಬೇಡವೆಂದು ತೀರ್ಪಾಗಿದೆ.

ಈ ಕರೆಂಟು ಎಲ್ಲಿಂದ ಬರುತ್ತದೆ ಎಂಬುದಕ್ಕೆ ನಮ್ಮ ಊರಿನಲ್ಲಿ ದೂರ ಹುಡುಕಬೇಕಿಲ್ಲ. ಕೃಷ್ಣೆಯ ದಂಡೆಯ ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ 1985ರಿಂದ ಕಲ್ಲಿದ್ದಲು ಉರಿಯುತ್ತಿದೆ. ಎಂಟು ಘಟಕ, 1720 ಮೆಗಾವ್ಯಾಟ್ ಸಾಮರ್ಥ್ಯ. 'ಎಲ್ಲವೂ ಓಡಿದರೆ ಎಷ್ಟು ಕೂಲರ್?' ಎಂದು ಚಿಕ್ಕವನು ಕೇಳಿದ. ಅಕ್ಕ ಭಾಗಿಸಿ, ತೊಂಬತ್ತು ಲಕ್ಷ ಎಂದಳು. ಅವನು ಊರಿನ ಎಲ್ಲ ಮನೆಗಳಿಗೂ ಒಂದೊಂದು ಹಂಚತೊಡಗಿದ.

ನಿವೃತ್ತ ಶಿಕ್ಷಕರಾದ ಮಾವನವರು ಟಿವಿ ಆರಿದ ಸಿಟ್ಟನ್ನು ಗಾಂಧೀಜಿಯ ಕಡೆ ತಿರುಗಿಸಿದರು. 1937ರಲ್ಲಿ ವಾರ್ಧಾದಲ್ಲಿ ಸಮ್ಮೇಳನ ಸೇರಿ, ಜಾಕಿರ್ ಹುಸೇನರ ಸಮಿತಿ ಗಾಂಧೀಜಿಯ ಶಿಕ್ಷಣ ಯೋಜನೆಯಾದ ನಯೀ ತಾಲೀಮಿನ ಪಠ್ಯಕ್ರಮ ಬರೆದದ್ದು ಇದನ್ನೇ ಅಲ್ಲವೇ, ನೀವು ಈಗ ಹೊಸದಾಗಿ ಕಂಡುಹಿಡಿದಿರೋ ಎಂದರು. ಕೈಕಸುಬಿನ ಮೂಲಕವೇ ಲೆಕ್ಕ, ಭಾಷೆ, ಎಲ್ಲ. ಒಪ್ಪಿದೆ. ಆದರೆ ಎಲ್ಲ ಕೆಲಸದಲ್ಲೂ ಪಾಠ ಹುಡುಕುವುದು ನನಗೆ ಒಪ್ಪಿಗೆಯಿಲ್ಲ. ವಾಟ್ಸಾಪಿನಲ್ಲಿ ಬರುವ ಪಟ್ಟಿಗಳಲ್ಲಿ ಬಟ್ಟೆ ಮಡಚುವುದು ಜ್ಯಾಮಿತಿಯಂತೆ, ಕಸ ಗುಡಿಸುವುದು ಗಮನದ ತರಬೇತಿಯಂತೆ. ಮುಸುರೆ ಪಾತ್ರೆ ತಿಕ್ಕುವುದು ಮುಸುರೆ ಪಾತ್ರೆ ತಿಕ್ಕುವುದೇ. ಅದನ್ನು ಆಟವೆಂದು ನಂಬಿಸಿದರೆ ಮಕ್ಕಳಿಗೆ ಆ ಕ್ಷಣವೇ ಗೊತ್ತಾಗುತ್ತದೆ. ಪ್ರಶ್ನೆ ಅವರಿಂದ ಬಂದರೆ ಕೂತು ಹುಡುಕೋಣ, ಬಾರದಿದ್ದರೆ ಕೆಲಸ ಮುಗಿದರೆ ಸಾಕು.

ನಾಳೆ ಗ್ಯಾಸ್ ಸಿಲಿಂಡರ್ ಬರುತ್ತದೆ. ಅದರ ಮೇಲಿರುವ ಖಾಲಿ ತೂಕಕ್ಕೆ 14.2 ಕೂಡಿಸಿ ಒಟ್ಟು ಎಷ್ಟಿರಬೇಕೆಂದು ಚಿಕ್ಕವನು ಹೇಳಬೇಕು, ತೂಗಿಸಿ ತೆಗೆದುಕೊಳ್ಳುವ ಜವಾಬ್ದಾರಿ ದೊಡ್ಡವಳದು. ತನ್ನ ಸೇರು ಈ ಲೆಕ್ಕಕ್ಕೆ ಬರುವುದಿಲ್ಲವೇ ಎಂದು ಅತ್ತೆ ಆಗಲೇ ಕೇಳಿದ್ದಾರೆ.