ಬೋರ್ಡುಗಳ ಹಿಂದೆ ಒಂದು ಊರಿದೆ

ಕಾಸರಗೋಡಿನ ಹೊಸ ಬಸ್‌ಸ್ಟ್ಯಾಂಡ್ ಹತ್ತಿರ ನಿಂತು ಒಂದ್ಸಲ ಸುಮ್ನೆ ತಲೆ ಎತ್ತಿ ನೋಡಿ. ಮೈತುಂಬ ಚಿನ್ನ ಹೇರಿಕೊಂಡ ಮದುಮಗಳು, ಅವಳ ಪಕ್ಕ ಕೈಮುಗಿದ ನಾಯಕರು, ಕೆಳಗೆ ಎಸ್ಸೆಸ್ಸೆಲ್ಸಿಯಲ್ಲಿ ಫುಲ್ ಎ ಪ್ಲಸ್ ತೆಗೆದ ಮಕ್ಕಳ ಸಾಲು. ಮಕ್ಕಳದ್ದಾದರೂ ಇರಲಿ ಬಿಡಿ. ಆದರೆ ಮಳೆಗಾಲ ಕಳೆದು, ಬಣ್ಣ ಹೋಗಿ, ಮುಖವೆಲ್ಲ ನೀಲಿಗಟ್ಟಿ, ಒಂದು ಮೂಲೆ ಹರಿದು ಕರೆಂಟ್ ಕಂಬಕ್ಕೆ ಪಟಪಟ ಬಡಿಯುತ್ತಿದ್ದರೂ ಬಿಚ್ಚುವವರಿಲ್ಲ. ಕಟ್ಟುವಾಗ ಮಾತ್ರ ಹತ್ತು ಜನ!

ಕೇರಳ ಸರ್ಕಾರ 2019ರಲ್ಲೇ ಪಿವಿಸಿ ಫ್ಲೆಕ್ಸ್ ನಿಷೇಧಿಸಿದೆ. ಅಕ್ರಮ ಬೋರ್ಡುಗಳ ಬಗ್ಗೆ ಹೈಕೋರ್ಟ್ ಮತ್ತೆ ಮತ್ತೆ ಗದರಿದೆ. ಕೆಲವು ಕಡೆ ಪ್ಲಾಸ್ಟಿಕ್ ಹೋಗಿ ಬಟ್ಟೆ ಬಂತು, ಅಷ್ಟೇ. ಮಣ್ಣಿಗೆ ಒಳ್ಳೆಯದೇ, ಕಣ್ಣಿಗೆ ಎರಡೂ ಒಂದೇ ಅಲ್ವಾ?

ಬರೀ ಅಂದದ ಮಾತೂ ಅಲ್ಲ ಇದು. 2024ರ ಮೇನಲ್ಲಿ ಮುಂಬೈಯ ಘಾಟ್‌ಕೋಪರ್‌ನಲ್ಲಿ ಗಾಳಿಗೆ ಹೋರ್ಡಿಂಗ್ ಪೆಟ್ರೋಲ್ ಬಂಕ್ ಮೇಲೆ ಬಿದ್ದು 17 ಜನ ಸತ್ತರು.

ಬ್ರೆಜಿಲಿನ ಸಾವೊ ಪಾವ್ಲೊ 2006ರಲ್ಲಿ ಕಾನೂನು ಮಾಡಿ, ಮರುವರ್ಷದಿಂದ ಹೊರಗಿನ ಜಾಹೀರಾತನ್ನೇ ನಿಲ್ಲಿಸಿತು. ಸುಮಾರು 15,000 ಹೋರ್ಡಿಂಗ್ ಇಳಿದವು. ಹಿಂದೆ ಅಡಗಿದ್ದ ಹಳೇ ಕಟ್ಟಡಗಳು ಕಂಡವು, ಕೊಳೆಗೇರಿಗಳೂ ಕಂಡವು.

ನನಗೆ ಅಷ್ಟೆಲ್ಲ ಬೇಡ ಮಾರಾಯ್ರೇ. ತಿರುವಿನಲ್ಲಿ ಎದುರಿಂದ ಬರುವ ಬಸ್ಸು ಕಾಣಬೇಕು. ಮಂಗಳೂರಿಗೆ ಎಷ್ಟು ಕಿಲೋಮೀಟರ್ ಅಂತ ಬರೆದ ಫಲಕದ ಮೇಲೆ ಯಾರದ್ದೋ ಹುಟ್ಟುಹಬ್ಬ ಇರಬಾರದು. ಕಾರ್ಯಕ್ರಮ ಮುಗಿದ ಮರುದಿನ ಕಟ್ಟಿದವರೇ ಏಣಿ ತಂದು ಬಿಚ್ಚಲಿ, ಆ ಪಟ್ಟಿ, ಮೊಳೆ, ತಂತಿ ಎಲ್ಲ ಸೇರಿಸಿ.