ಚಂಡೆಯವರು ಹಿಡಿದ ನಾಲ್ಕು ಫ್ರೇಮ್

ಶಿರಸಿ ಕಡೆಯ ಒಂದು ಬಯಲಾಟದ ಮೇಲೆ ಡಾಕ್ಯುಮೆಂಟರಿ ಮಾಡುತ್ತಿದ್ದೆವು. ಸೌಂಡ್ ನನ್ನದು. ರಫ್ ಕಟ್ (ಮೊದಲ ಕಚ್ಚಾ ಎಡಿಟ್) ತೋರಿಸುವಾಗ ಮೇಳದ ಚಂಡೆಯವರನ್ನೂ ಕರೆದಿದ್ದರು. ವೈಡ್ ಶಾಟ್ ಬಂತು. ಅವರು ಸ್ವಲ್ಪ ಹೊತ್ತು ನೋಡಿ, "ತಮಾ, ಇದೆಂತದು? ಕೋಲು ಬಿದ್ದಾದ ಮೇಲೆ ಪೆಟ್ಟು ಕೇಳ್ತಲಾ" ಅಂದರು.

ಎಲ್ಲರೂ ನನ್ನ ಕಡೆ ತಿರುಗಿದರು. ಚಿತ್ರ ಕೆಟ್ಟರೆ ಲೈಟು, ಲೆನ್ಸು, ಇಬ್ಬನಿ ಅಂತ ನೂರು ಕಾರಣ ಇರುತ್ತವೆ. ಶಬ್ದ ಕೆಟ್ಟರೆ ಸೌಂಡಿನವನೊಬ್ಬನೇ. ಸ್ಪೀಕರ್ ಲೇಟಿರಬೇಕು ಅಂತ ನಾನು ಧೈರ್ಯವಾಗಿ ಹೇಳಿಬಿಟ್ಟೆ. ಎಡಿಟರ್ ಮಾತಾಡದೆ ಸ್ಟೇಜ್ ಪಕ್ಕದ ಕ್ಯಾಮೆರಾದ ಕ್ಲೋಸಪ್ ಹಾಕಿದ. ಸಿಂಕ್ ಪಕ್ಕಾ, ಕೋಲು ಬಿದ್ದಾಗಲೇ ಪೆಟ್ಟು. ಮತ್ತೆ ವೈಡ್ ಹಾಕಿದ. ಲೇಟು. ಮತ್ತೆ ಕ್ಲೋಸಪ್. ಸಾಕು ಮಾರಾಯಾ ಅನ್ನೋಣ ಅನ್ನಿಸಿತು, ಡೈರೆಕ್ಟರ್ ಮುಖ ನೋಡಿ ಸುಮ್ಮನಾದೆ.

ಆಟದ ಮಧ್ಯೆ ರಂಗಸ್ಥಳಕ್ಕೆ ಹೋಗಿ ಚಿತ್ರ-ಶಬ್ದ ಹೊಂದಿಸೋಕೆ ಕ್ಲ್ಯಾಪ್ ಹೊಡೆಯೋಕಾಗಲ್ಲ ಅಲ್ವಾ. ಹಾಗಾಗಿ ಕ್ಯಾಮೆರಾದ ಶಬ್ದ, ನನ್ನ ಶಬ್ದ ಎರಡರ ವೇವ್‌ಫಾರ್ಮ್ (ಏರಿಳಿತದ ಗೆರೆ) ನೋಡಿ ಸಾಫ್ಟ್‌ವೇರೇ ಹೊಂದಿಸುವ ಆಟೋ ಸಿಂಕ್ ಮಾಡಿದ್ದೆವು. ನನ್ನ ಮೈಕು ಚಂಡೆಯ ಪಕ್ಕ. ವೈಡ್ ಕ್ಯಾಮೆರಾ ಗದ್ದೆಯ ಆಚೆ ಅಂಚಿನಲ್ಲಿ, ಹತ್ತಿರ ಹತ್ತಿರ 60 ಮೀಟರ್ ದೂರ. ಬೆಳಕು ಕೂಡಲೇ ತಲುಪುತ್ತದೆ, ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಅಷ್ಟೇ. ಅಂದರೆ ಆ ಕ್ಯಾಮೆರಾದ ಮೈಕಿಗೆ ಪೆಟ್ಟು ಕೇಳಿದ್ದೇ ಸುಮಾರು 175 ಮಿಲಿಸೆಕೆಂಡ್ ತಡವಾಗಿ, ಸೆಕೆಂಡಿಗೆ 25 ಫ್ರೇಮಿನ ಲೆಕ್ಕದಲ್ಲಿ ನಾಲ್ಕು ಫ್ರೇಮಿಗಿಂತ ಜಾಸ್ತಿ. ಸಾಫ್ಟ್‌ವೇರ್ ನನ್ನ ಟ್ರ್ಯಾಕನ್ನು ತಂದು ಅದೇ ತಡವಾದ ಶಬ್ದಕ್ಕೆ ಅಂಟಿಸಿದೆ. ಅದರ ಪ್ರಕಾರ ಕೆಲಸ ಬೊಂಬಾಟ್.

ಶಬ್ದ ಚಿತ್ರಕ್ಕಿಂತ ಮೊದಲು ಬಂದರೆ 45 ಮಿಲಿಸೆಕೆಂಡಿಗೇ ನಮಗೆ ಗೊತ್ತಾಗುತ್ತದೆ, ಹಿಂದೆ ಬಿದ್ದರೆ 125ರ ತನಕ ಗೊತ್ತಾಗುವುದಿಲ್ಲ ಅಂತ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ (ಐಟಿಯು) ಟಿವಿ ಶಿಫಾರಸಿನಲ್ಲಿದೆ. ನಮ್ಮದು ಅದನ್ನೂ ದಾಟಿತ್ತು.

ಮಜಾ ಇರುವುದು ಇಲ್ಲಿ. ವೈಡ್ ಕ್ಯಾಮೆರಾದ ಮೈಕು ಹಿಡಿದ, ಬರೀ ಹೊಂದಿಸೋಕೆ ಅಂತ ಇರುವ ಸ್ಕ್ರ್ಯಾಚ್ ಟ್ರ್ಯಾಕನ್ನೇ ಹಾಕಿದೆವು. ಅದೂ ಅಷ್ಟೇ ತಡ. ಆದರೆ ಚಂಡೆಯವರು, "ಇದು ಅಡ್ಡಿಲ್ಲೆ, ಗದ್ದೆ ತುದಿಲಿ ಕೂತು ಕೇಳಿದಂಗೇ ಇದ್ದು" ಅಂದರು. ಜನರ ಗದ್ದಲ, ಬಯಲಿನ ಗಾಳಿ ಎಲ್ಲ ಸೇರಿ ಆ ಶಬ್ದ ದೂರದ್ದು ಅನ್ನಿಸುತ್ತದೆ, ಆಗ ಕಿವಿ ಆ ತಡವನ್ನು ಒಪ್ಪಿಕೊಳ್ಳುತ್ತದೆ. ನನ್ನ ಟ್ರ್ಯಾಕಿನಲ್ಲಿ ಚಂಡೆ ಕಿವಿಯ ಪಕ್ಕದಲ್ಲೇ ಬಡಿದಂಗಿದೆ, ಅಷ್ಟು ಹತ್ತಿರದ್ದು ತಡವಾಗಿ ಬಂದರೆ ಯಾರು ಒಪ್ಪುತ್ತಾರೆ?

ಕೊನೆಗೆ ನನ್ನ ಟ್ರ್ಯಾಕನ್ನು ನಾಲ್ಕು ಫ್ರೇಮ್ ಬೇಗ ಬರುವ ಹಾಗೆ ಎಳೆದು, ಅಡಿಯಲ್ಲಿ ಸ್ಕ್ರ್ಯಾಚನ್ನು ಸಣ್ಣಗೆ ಬಿಟ್ಟೆವು. ಕ್ಯಾಮೆರಾಗೂ ರೆಕಾರ್ಡರಿಗೂ ಒಂದೇ ಗಡಿಯಾರ ಕೊಡುವ ಟೈಮ್‌ಕೋಡ್ ಬಾಕ್ಸ್ ಬಾಡಿಗೆಗೆ ಕೇಳಿದಾಗ ಬಜೆಟ್ ಇಲ್ಲ ಅಂದಿದ್ದರು. ಡ್ರೋನಿಗೆ ಮಾತ್ರ ಇತ್ತು. ಅದು ಮೇಲೆ ಹಾರಿದಾಗಿನ ಭಾಗವತರ ಪದ್ಯ ಒಂದೂ ಬಳಸೋಕೆ ಬರಲಿಲ್ಲ.