ಫೈಲ್ ಇಲ್ಲ ಅಂತು, ನಾನೇ ಮಾಡಿ ಕೊಟ್ಟೆ

ನಮ್ಮದು ಹುಬ್ಬಳ್ಳಿ ಗೋಕುಲ ರೋಡಿನ್ಯಾಗ ಒಂದು ಡಿಸೈನ್ ಆಫೀಸು. ಹದಿನಾಲ್ಕು ಮಂದಿ, ಗದಗ ಮತ್ತ ಹಾವೇರಿಯೊಳಗ ಎರಡು ಸೈಟು. ಐಟಿ ಅಂದ್ರ ನಾನೊಬ್ಬನ, ಪ್ರಿಂಟರ್‌ನ್ಯಾಗ ಕಾಗದ ಸಿಕ್ಕೊಂಡ್ರೂ ನಾನ. ಕ್ಲೌಡಿಗೆ ತಿಂಗಳಾ ತಿಂಗಳಾ ಬಾಡಗಿ ಕಟ್ಟೋದ್ ಸಾಹೇಬ್ರಿಗೆ ಆಗಂಗಿಲ್ಲ, "ನಮ್ಮದ ಒಂದು ಇಟ್ಕೊಂಡ್ರ ಆತಲ್ಲ" ಅಂದ್ರು, ಸರಿ ಅಂತ ಒಂದು ಮಿನಿ ಪಿಸಿ, ಒಂದು 4 ಟಿಬಿ ಡಿಸ್ಕು ಯುಎಸ್‌ಬಿ ಡಬ್ಬಿಯೊಳಗ ಹಾಕಿ ನೆಕ್ಸ್ಟ್‌ಕ್ಲೌಡ್ ಕೂಡಿಸಿದೆ (ಗೂಗಲ್ ಡ್ರೈವ್ ಇದ್ದಂಗ, ಆದ್ರ ನಮ್ಮ ಮಶೀನ್‌ನ್ಯಾಗ; ಸರ್ವರ್‌ನ್ಯಾಗಿನ ಫೈಲೂ ಎಲ್ಲರ ಕಂಪ್ಯೂಟರ್‌ನ್ಯಾಗಿನ ಫೈಲೂ ಒಂದ ಇರೂಹಂಗ ಸಿಂಕ್ ಮಾಡ್ತೈತಿ). ಅದನ್ನ ಎಬ್ಬಿಸೋದ್ರಾಗ ಒಂದು ವಾರ ಹೋತು. ಮೊದಲ ಸಿಜಿನ್ಯಾಟ್ (ಇಂಟರ್ನೆಟ್ ಕಂಪನಿ ಒಂದ ಐಪಿ ಭಾಳ ಮಂದಿಗೆ ಹಂಚೋದು, ಹೊರಗಿನಿಂದ ನಮ್ಮ ಸರ್ವರ್ ಮುಟ್ಟಾಕ ಬರಂಗಿಲ್ಲ) ಅಂತ ಗೊತ್ತಾಗದ ಎರಡು ದಿನ ಪೋರ್ಟ್ ಫಾರ್ವರ್ಡ್ ಮಾಡಕೋತ ಕುಂತಿದ್ದೆ, ರೌಟರಿನ ವ್ಯಾನ್ ಐಪಿ 100.64ರಿಂದ ಶುರುವಾಗಿದ್ದು (ಅದ ಸಿಜಿನ್ಯಾಟಿನ ಗುರುತು) ಕಣ್ಣಿಗೆ ಬಿದ್ದಿದ್ದ ಮೂರನೇ ದಿನ. ಆಮೇಲೆ ಟ್ರಸ್ಟೆಡ್ ಡೊಮೇನ್ ಅನ್ನೋ ಎರರ್, ಆಮೇಲೆ ಎಂಜಿನೆಕ್ಸ್ ಅನ್ನೋ ವೆಬ್ ಸರ್ವರಿನ 413, ಅಂದ್ರ ಫೈಲ್ ಭಾಳ ದೊಡ್ಡದು ಅನ್ನೋ ಎರರ್, ಅದು ತಾನಾಗಿ 1 ಎಂಬಿ ಮ್ಯಾಲೆ ತಗೊಳ್ಳಂಗಿಲ್ಲ, ನಮ್ಮ ಡ್ರಾಯಿಂಗ್ ನೋಡಿದ್ರ 40 ಎಂಬಿ. ಇವೆಲ್ಲಾ ಎಲ್ಲರಿಗೂ ಆಗೋವು, ಬಿಡ್ರಿ. ನಾ ಹೇಳಾಕ ಹೊಂಟಿದ್ದು ಅದರ ಮುಂದಿನ ಕಥಿ.

ಜೂನಿನ್ಯಾಗ ಒಂದ್ ಗುರುವಾರ ಮಧ್ಯಾಹ್ನ ಮಳಿ ಹತ್ತಿ ಕರೆಂಟ್ ಹೋತು. ಯುಪಿಎಸ್ ಐತಿ, ಆದ್ರ ಅದರ ಬ್ಯಾಟರಿ ಬದಲಿ ಮಾಡಸ್ರಿ ಅಂತ ನಾ ಎರಡು ಸಲ ಮೇಲ್ ಹಾಕಿದ್ದೆ, ಎರಡೂ ಸಲ "ಮುಂದಿನ ತಿಂಗಳ ನೋಡೂಣು", ಹಿಂಗಾಗಿ ನಾಕ್ ನಿಮಿಷಕ್ಕ ಅದೂ ಕುಂಯ್ ಅಂದು ಮಲಗಿತು. ಮೂರೂಕಾಲಿಗೆ ಕರೆಂಟ್ ಬಂತು, ಸರ್ವರ್ ತಾನ ಎದ್ದತು, ಬ್ರೌಸರ್ ತೆಗದ್ರ ಲಾಗಿನ್ ಪೇಜ್ ಬದಲಿ ಒಂದು ಎರರ್. ಡೇಟಾ ಡೈರೆಕ್ಟರಿ (ಫೈಲೆಲ್ಲಾ ಇರೋ ಫೋಲ್ಡರ್) ಸರಿ ಇಲ್ಲ, ಅದರಾಗ ಡಾಟ್ ಓಸಿಡೇಟಾ ಅನ್ನೋ ಫೈಲ್ ಇರಬೇಕು, ನೋಡ್ಕೋ ಅಂತ. (ಓಸಿ ಅಂದ್ರ ಓನ್‌ಕ್ಲೌಡ್, 2016ರಾಗ ಅದರಿಂದ ಒಡದು ಬ್ಯಾರೆ ಆದದ್ದ ನೆಕ್ಸ್ಟ್‌ಕ್ಲೌಡ್, ಹೆಸರು ಮಾತ್ರ ಹಳೇದ ಉಳದಿತ್ತು.)

ಅಷ್ಟರಾಗ ಗದಗ ಸೈಟಿನಿಂದ ಫೋನು, ನಾಳೆ ಮುಂಜಾನೆ ಸ್ಲ್ಯಾಬ್ ಐತಿ, ಸ್ಟೀಲಿನ ಡ್ರಾಯಿಂಗ್ ತೆರೀವಲ್ದು. ನನ್ನ ತಲಿ ಏನ್ ಹೇಳ್ತು ಅಂದ್ರ, ಕರೆಂಟ್ ಹೋಗಿದ್ದಕ್ಕ ಆ ಒಂದು ಫೈಲ್ ಹಾಳಾಗೇತಿ, ಖಾಲಿ ಫೈಲ್ ಅಲ್ಲೇನು, ಮಾಡಿ ಒಗದ್ರ ಆತು. ಟಚ್ (ಖಾಲಿ ಫೈಲ್ ಮಾಡೋ ಕಮಾಂಡ್) ಹೊಡದೆ. ಎರಡನೇ ಎರರ್ ಬಂತು, ಫೋಲ್ಡರ್‌ನ್ಯಾಗ ಬರ್ಯಾಕ ಬರವಲ್ದು. ನಿನ್ನೆ ತನಕ ಡಬ್ಲುಡಬ್ಲುಡಬ್ಲು-ಡೇಟಾ (ವೆಬ್ ಸರ್ವರಿನ ಯೂಸರ್) ಹೆಸರಿನ್ಯಾಗ ಇದ್ದ ಫೋಲ್ಡರ್ ಇವತ್ತ ರೂಟ್ (ಅಡ್ಮಿನ್) ಹೆಸರಿಗೆ ಹೆಂಗಾತು ಅಂತ ಅರ್ಧ ನಿಮಿಷ ವಿಚಾರ ಮಾಡಿದ್ರ ಈ ಕಥಿನ ಇರ್ತಿರಲಿಲ್ಲ. ನಾ ಮಾಡಿದ್ದೇನು, ಚೌನ್ (ಫೋಲ್ಡರಿನ ಮಾಲಕನ್ನ ಬದಲಿಸೋ ಕಮಾಂಡ್) ಹೊಡದು ಮುಂದ ಹೋದೆ.

ಲಾಗಿನ್ ಬಂತು! ಫೋಲ್ಡರ್ ಎಲ್ಲಾ ಕಂಡ್ವು, ಫೈಲಿನ ಹೆಸರೂ ಕಂಡ್ವು, ಒತ್ತಿದ್ರ ಮಾತ್ರ ತೆರೀವಲ್ವು. ಡೇಟಾಬೇಸಿಗೂ ಡಿಸ್ಕಿಗೂ ತಾಳಿ ಆಗವಲ್ದು ಅಂದ್ಕೊಂಡು ಓಸಿಸಿ ಫೈಲ್ಸ್ ಸ್ಕ್ಯಾನ್ ಆಲ್ (ಡಿಸ್ಕಿನ್ಯಾಗ ಏನೈತಿ ನೋಡಿ ಡೇಟಾಬೇಸ್ ತಿದ್ದೋ ಕಮಾಂಡ್) ಕೊಟ್ಟೆ. ಕೆಲವು ಯೂಸರಿಗೆ ಹೋಮ್ ಸ್ಟೋರೇಜ್ ಇಲ್ಲ ಅಂತ ಕೆಂಪು ಲೈನ್ ಬಂದ್ವು, ಓದಿದೆ, ಬಿಟ್ಟೆ. ಗದಗಿನ್ಯಾಂವ ಲೈನಿನ್ಯಾಗ ಇದ್ದ, ಹಿಂದಿನಿಂದ ಸಾಹೇಬ್ರು ಎರಡು ಸಲ ಬಂದು ಇಣಕಿ ಹೋಗಿದ್ರು. ಆವಾಗ ಅಕೌಂಟ್ಸ್ ಅಕ್ಕಾರು ಕ್ಯಾಬಿನ್ನಿಂದ ಕೂಗಿದ್ರು, "ತಮ್ಮಾ, ಇದು ಏನೋ ಕೇಳಾಕತ್ತೈತಿ, ರಿಮೂವೋ ಕೀಪೋ?" ನಾ ಸ್ಕ್ರೀನ್ ಬಿಟ್ಟು ಕಣ್ಣು ತಗೀಲಿಲ್ಲ, "ಮೊದಲನೇದ್ ಒತ್ರಿ ಅಕ್ಕಾ" ಅಂದೆ.

ಮೊದಲನೇದು ರಿಮೂವ್ ಆಲ್ ಫೈಲ್ಸ್.

ಸರ್ವರ್‌ನ್ಯಾಗ ಎಲ್ಲಾ ಫೈಲ್ ಹೋಗ್ಯಾವ, ನಿನ್ನ ಕಂಪ್ಯೂಟರ್‌ನ್ಯಾಗಿನವೂ ತಗೀಲೇನು ಅಂತ ಪಾಪ ಅದು ಭಾಳ ಮರ್ಯಾದಿಯಿಂದ ಕೇಳಿತ್ತು. ಎರಡು ನಿಮಿಷ ಬಿಟ್ಟು ಅಕ್ಕಾರು ನನ್ನ ಟೇಬಲಿಗೇ ಬಂದ್ರು, ಕೈಯಾಗ ಚಹಾದ ಕಪ್ಪು ಹಂಗ ಐತಿ, "ನನ್ನ ಜಿಎಸ್‌ಟಿ ಫೋಲ್ಡರ್ ಖಾಲಿ ಆತಲ್ಲೋ" ಅಂದ್ರು. ಈ ಕಡೆ ಸ್ಕ್ಯಾನ್ ಮುಗದು ಫೈಲ್ಸ್ ಕಾಲಂನ್ಯಾಗ 0 ತೋರಸಾಕತ್ತಿತ್ತು. ಎದಿ ಧಸಕ್ ಅಂತು. ಬಾಯಾಗ ನೀರ ಇಲ್ಲ. ಆರು ವರ್ಷದ ಡ್ರಾಯಿಂಗು, ನಾನ ನನ್ನ ಕೈಯಾರೆ.

ಕೈ ನಡಗಕೋತ ಡಿಎಫ್ (ಕೂಡಿಸಿದ ಡಿಸ್ಕ್ ತೋರಿಸೋ ಕಮಾಂಡ್) ಹೊಡದೆ. 3.6 ಟಿ ಅಂತ ಒಂದು ಲೈನ್ ಬರಬೇಕು (4 ಟಿಬಿ ಡಿಸ್ಕನ್ನ ಅದು ಹಂಗ ತೋರಸ್ತೈತಿ), ಇಲ್ಲ. ಎಲ್‌ಎಸ್‌ಬಿಎಲ್‌ಕೆ ಹೊಡದೆ (ಹಚ್ಚಿದ ಡಿಸ್ಕೆಲ್ಲಾ ತೋರಸ್ತೈತಿ; ಲಿನಕ್ಸ್ ಅವಕ್ಕ ಸಿಕ್ಕ ಕ್ರಮದಾಗ ಎಸ್‌ಡಿಎ, ಎಸ್‌ಡಿಬಿ ಅಂತ ಹೆಸರಿಡ್ತೈತಿ), ಎಸ್‌ಡಿಎ1 ಅಂದ್ರ 931.5 ಜಿ, ಎಸ್‌ಡಿಬಿ1 ಅಂದ್ರ 3.6 ಟಿ. ನಮ್ಮ ಡಿಸ್ಕು ಎಸ್‌ಡಿಎ ಅಲ್ಲ, ಎಸ್‌ಡಿಬಿ ಆಗಿ ಕುಂತಿತ್ತು. ಆ 931 ಜಿ ಯಾರ್ದು? ಸಾಹೇಬ್ರದು. ಹಿಂದಿನ ವಾರ "ಮಗಳ ಲಗ್ನದ ಫೋಟೋ ಇದರಾಗ ಅದಾವು, ಒಂದ್ ಕಾಪಿ ಇಟ್ಟಿರು" ಅಂತ ಕೊಟ್ಟಿದ್ದ ಡಿಸ್ಕು, ನಾ ಕಾಪಿ ಮಾಡಿ ಕೀಳೋದು ಮರ್ತಿದ್ದೆ. ಹೊಳ್ಳಿ ಬೂಟ್ ಆದಾಗ ಅದು ಮೊದಲ ಎದ್ದು ಎಸ್‌ಡಿಎ ಹೆಸರು ಹಿಡೀತು, ಎಫ್‌ಸ್ಟ್ಯಾಬ್‌ನ್ಯಾಗ (ಯಾವ ಡಿಸ್ಕ್ ಯಾವ ಫೋಲ್ಡರಿಗೆ ಅಂತ ಬರದಿಡೋ ಫೈಲ್) ನಾ ಯುಯುಐಡಿ (ಡಿಸ್ಕಿನ ಬದಲಾಗದ ಗುರುತು) ಹಾಕದ ಎಸ್‌ಡಿಎ1 ಅಂತ ಬರದಿದ್ದೆ, ಸಾಹೇಬ್ರ ಡಿಸ್ಕು ಎನ್‌ಟಿಎಫ್‌ಎಸ್ (ವಿಂಡೋಸ್ ಫಾರ್ಮ್ಯಾಟ್), ನಾ ಬರದಿದ್ದು ಇಎಕ್ಸ್‌ಟಿ4 (ಲಿನಕ್ಸಿಂದು), ಮೌಂಟ್ ಆಗಲಿಲ್ಲ, ಅಂದ್ರ ಫೋಲ್ಡರಿಗೆ ಡಿಸ್ಕು ಕೂಡಲಿಲ್ಲ. ನೋಫೇಲ್ (ಡಿಸ್ಕ್ ಕೂಡದಿದ್ರೂ ಬೂಟ್ ಆಗು ಅನ್ನೋದು) ಬ್ಯಾರೆ ಹಾಕಿದ್ದೆ, ಹಿಂದೊಮ್ಮೆ ಎಮರ್ಜೆನ್ಸಿ ಮೋಡಿಗೆ ಹೋಗಿ ಸ್ಟೋರ್ ರೂಮಿಗೆ ಮಾನಿಟರ್ ಹೊತ್ಕೊಂಡು ಹೋಗಿದ್ದ ಸಿಟ್ಟಿಗೆ. ಹಿಂಗಾಗಿ ಸರ್ವರ್ ತಕರಾರ ಮಾಡದ ಎದ್ದತು. ನಾ ಇಷ್ಟೊತ್ತು ಫೈಲ್ ಮಾಡಿ, ಚೌನ್ ಹೊಡದು, ಸ್ಕ್ಯಾನ್ ಮಾಡಿದ್ದೆಲ್ಲಾ ಡಿಸ್ಕು ಕೂಡ್ರೂ ಖಾಲಿ ಫೋಲ್ಡರಿಗೆ.

ಹತ್ತು ನಿಮಿಷ ಆ ಎರರ್ ನನಗ ಸರಿಯಾಗೇ ಹೇಳಿತ್ತು, ಡೇಟಾ ಇಲ್ಲ, ನಿಲ್ಲು ಅಂತ. ಆ ಫೈಲ್ ಇರೋದ ಅದಕ್ಕ. ಕಾವಲುಗಾರಗ ನಾನ ಗೇಟ್ ಪಾಸ್ ಬರದು ಕೊಟ್ಟಂಗಾತು.

ಸಾಹೇಬ್ರ ಡಿಸ್ಕು ಕಿತ್ತು, ನಮ್ಮದ ಮೌಂಟ್ ಮಾಡಿ, ಮತ್ತ ಸ್ಕ್ಯಾನ್ ಮಾಡೋದ್ರಾಗ ಐದು ಹೊಡದಿತ್ತು. ಫೈಲೆಲ್ಲಾ ಬಂದ್ವು. ಗದಗಿನ್ಯಾಂವಗ ಡ್ರಾಯಿಂಗ್ ಹೋತು, ಅಕ್ಕಾರ ಫೋಲ್ಡರ್ ರಾತ್ರಿಯೆಲ್ಲಾ ಇಳೀತು. ಹೊಳ್ಳಿ ಬರದ ಉಳದಿದ್ದು ಶೇರ್ ಲಿಂಕ್. ಮೊದಲನೇ ಸ್ಕ್ಯಾನಿಗೆ ಡೇಟಾಬೇಸಿನ್ಯಾಗಿನ ಫೈಲ್ ಐಡಿ ಅಳಿಸಿಹೋಗಿ, ಎರಡನೇದಕ್ಕ ಹೊಸಾವು ಹುಟ್ಟಿದ್ವು, ಕಾಂಟ್ರ್ಯಾಕ್ಟರ್‌ಗೆ ಕೊಟ್ಟಿದ್ದ ಲಿಂಕೆಲ್ಲಾ ಸತ್ತು ಹೋದ್ವು. ಡಾಕ್ಯುಮೆಂಟೇಶನ್‌ನ್ಯಾಗ ಕಾನ್ಫಿಗ್, ಡೇಟಾ, ಥೀಮ್, ಡೇಟಾಬೇಸ್ ನಾಕೂ ಬ್ಯಾಕಪ್ ತಗೋ ಅಂತ ಬರದಾರ, ನಾ ತಗೊಂತಿದ್ದಿದ್ದು ಡೇಟಾ ಒಂದ. ಶುಕ್ರವಾರ ಪೂರ್ತಿ ಕುಂತು ಲಿಂಕ್ ಮಾಡಿದೆ.

ಇದಕ್ಕಿಂತ ಚುಚ್ಚೋದು ಬ್ಯಾರೆ ಐತಿ. ಅವತ್ತ ಸಂಜೀಕ ಹಾವೇರಿ ಸೈಟಿನ ಹುಡುಗ ಫೋನ್ ಮಾಡಿದ್ದ, "ಸರ್, ನಾಕ್ ಗಂಟೆಗೆ ಮೆಷರ್‌ಮೆಂಟ್ ಶೀಟ್ ಹಾಕಿದ್ನಿ, ಈಗ ಇಲ್ಲರಿ. ನನ್ನ ಲ್ಯಾಪ್‌ಟಾಪಿನ್ಯಾಗೂ ಇಲ್ಲ." ನಾ ಹುಡುಕಿದೆ, ಇಲ್ಲ. ನೀ ಹಾಕಿಲ್ಲ ಬಿಡೋ ಅಂದೆ. "ಹಾಕೀನ್ರಿ ಸರ್, ಹಸರು ಟಿಕ್ ಬಂದಿತ್ತು" ಅಂದ. ನನಗ ಅವತ್ತ ತಲಿ ಕೆಟ್ಟಿತ್ತು, ಸಾಹೇಬ್ರ ಎದುರಿಗೇ ಸ್ವಲ್ಪ ಜೋರ ಮಾತಾಡಿದೆ, ಮೂರು ದಿನದ ಕೆಲಸ ಮತ್ತ ಮಾಡು ಅಂತ ಫೋನ್ ಇಟ್ಟೆ.

ರಾತ್ರಿ ಊಟಕ್ಕ ಕುಂತಾಗ, ರೊಟ್ಟಿ ಮುರ್ಯಾಕತ್ತಿದ್ದೆ, ಆವಾಗ ಹೊಳೀತು. ನಾಕ್ ಗಂಟೆಗೆ ಡಿಸ್ಕ್ ಮೌಂಟ್ ಆಗಿರಲಿಲ್ಲ. ಅಂವ ಹಾಕಿದ್ದು ಆ ಖಾಲಿ ಫೋಲ್ಡರಿಗೇ ಹೋಗೇತಿ, ಅದರ ಮ್ಯಾಲೆ ನಾ ಡಿಸ್ಕು ಮುಚ್ಚೇನಿ. ಅವನ ಶೀಟು ಕೆಳಗ ಅದಾವು, ಕಾಣವಲ್ವು ಅಷ್ಟ. ಐದರ ಮ್ಯಾಲೆ ಸರ್ವರ್‌ನ್ಯಾಗ ಇಲ್ಲ ಅಂತ ತಿಳಕೊಂಡು ಅವನ ಲ್ಯಾಪ್‌ಟಾಪಿನಿಂದನೂ ಸಿಂಕ್ ತಗದು ಒಗದೈತಿ.

ಮರುದಿನ ಮುಂಜಾನೆ ಏಳಕ್ಕ ಆಫೀಸ್ ಬಾಗಲಾ ತೆಗದು, ಮೇಂಟೆನೆನ್ಸ್ ಮೋಡ್ ಹಾಕಿ ಅನ್‌ಮೌಂಟ್ ಮಾಡಿ ನೋಡಿದೆ. ಇಪ್ಪತ್ಮೂರು ಫೈಲು, ನನ್ನ ಡಾಟ್ ಓಸಿಡೇಟಾದ ಮಗ್ಗಲಿಗೇ. ಶೀಟು ಎತ್ತಿಟ್ಟು, ಫೋಲ್ಡರ್ ಖಾಲಿ ಮಾಡಿ, ಅದಕ್ಕ ಚಾಟರ್ ಪ್ಲಸ್ ಐ (ಯಾರೂ ಬರೀದಂಗ ಬೀಗ ಹಾಕೋ ಕಮಾಂಡ್) ಬಡದೆ, ಇನ್ನ ಡಿಸ್ಕ್ ಇಲ್ಲದಾಗ ನಾ ರೂಟ್ ಆಗಿ ಟಚ್ ಹೊಡದ್ರೂ ಅದು ಒಪ್ಪಂಗಿಲ್ಲ. ಎಫ್‌ಸ್ಟ್ಯಾಬಿಗೆ ಯುಯುಐಡಿ ಹಾಕಿ ಮೌಂಟ್ ಮಾಡಿದೆ. ಆಮೇಲೆ ಹಾವೇರಿಗೆ ಫೋನ್ ಹಚ್ಚಿದೆ.

"ನಾ ಹೇಳಿದ್ನೆಲ್ರಿ ಸರ್" ಅಂದ, ಮತ್ತೇನೂ ಅನ್ನಲಿಲ್ಲ. ಈಗಲೂ ಏನಾರ ಅಪ್‌ಲೋಡ್ ಮಾಡಿದ್ರ ಹಸರು ಟಿಕ್ಕಿನ ಸ್ಕ್ರೀನ್‌ಶಾಟ್ ತಗದು ನನಗ ವಾಟ್ಸಾಪ್ ಮಾಡ್ತಾನ.